ಮೊಬೈಲ್ ಮೇಷ್ಟರ ಕಡೆ ತಿರುಗಲಿ

ಬಳ್ಳಾರಿ ಸೀಮೆಯಲ್ಲಿ ಶಿಕ್ಷಕರ ಸಮಾವೇಶ ಎಲ್ಲಿಯೇ ನಡೆಯಲಿ, ವೇದಿಕೆಯಿಂದ ಒಂದು ಮಾತು ಬಂದೇ ಬರುತ್ತದೆ. ಮುಂದೆ ಬರುವ ಶಿಕ್ಷಕರು ತಂತ್ರಜ್ಞಾನ ಕಲಿತೇ ಬರಬೇಕು, ಸ್ಮಾರ್ಟ್ ಕ್ಲಾಸ್ ನಡೆಸಬೇಕು, ಆಗ ಮಾತ್ರ ನಮ್ಮ ಹಿಂದುಳಿದ ಭಾಗದ ಮಕ್ಕಳು ಬೆಂಗಳೂರಿನ ಮಕ್ಕಳಿಗೆ ಸಮ ನಿಲ್ಲುತ್ತಾರೆ ಎಂಬ ಮಾತು. ಚಪ್ಪಾಳೆಯೂ ಬೀಳುತ್ತದೆ. ಹೇಳುವವರ ಕಳಕಳಿಯ ಬಗ್ಗೆ ನನಗೆ ಅನುಮಾನವಿಲ್ಲ. ಆ ಮಾತು ಹಿಡಿದಿರುವ ದಿಕ್ಕಿನ ಬಗ್ಗೆ ತಕರಾರಿದೆ. ಬಿ.ಇಡಿ. ಓದುವ ಹುಡುಗ ಹುಡುಗಿಯರಿಗೆ ನಾವು ತಂತ್ರಜ್ಞಾನ ಕಲಿಸುತ್ತಿರುವುದು ಮಕ್ಕಳಿಗೆ ಏನನ್ನಾದರೂ ತೋರಿಸಲಿಕ್ಕೆ. ಆದರೆ ಪಾಠ ಹೇಳಲು ಈಗಷ್ಟೇ ಕಲಿಯುತ್ತಿರುವವರಿಗೆ ಮೊದಲು ಬೇಕಾದದ್ದು, ತಾವು ಹೇಳಿದ ಪಾಠವನ್ನು ತಾವೇ ಕೂತು ಕೇಳುವ ಅವಕಾಶ. ಅದಕ್ಕೆ ಬೇಕಾದ ಯಂತ್ರ ಅವರ ಜೇಬಿನಲ್ಲೇ ಇದೆ. ಅದನ್ನು ಆ ಕೆಲಸಕ್ಕೆ ಹಚ್ಚುವ ಕಾಲೇಜು ಮಾತ್ರ ಅಪರೂಪ.

ವ್ಯವಸ್ಥೆ ಹೇಗಿದೆ ನೋಡಿ. 2014ರಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಹೊಸ ನಿಯಮ ತಂದು ಒಂದು ವರ್ಷದ ಬಿ.ಇಡಿ.ಯನ್ನು ಎರಡು ವರ್ಷಕ್ಕೆ ಏರಿಸಿತು. ಪ್ರಶಿಕ್ಷಣಾರ್ಥಿಗಳು ಒಟ್ಟು 20 ವಾರ ಶಾಲೆಯಲ್ಲಿರಬೇಕು, ಮೊದಲ ವರ್ಷ 4, ಎರಡನೇ ವರ್ಷ 16 ಎಂದಿತು. ವೃತ್ತಿ ಸಾಮರ್ಥ್ಯ ಹೆಚ್ಚಿಸುವ ನಾಲ್ಕು ಪತ್ರಿಕೆಗಳಲ್ಲಿ ಒಂದನ್ನು ಐಸಿಟಿಗೆ, ಅಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನಕ್ಕೆ, ಮೀಸಲಿಟ್ಟಿತು. ಅದನ್ನೂ ಸುಮ್ಮನೆ ಕಲಿಸಬೇಡಿ, ವಿಮರ್ಶೆಯ ಕಣ್ಣಿನಿಂದ ನೋಡಲು ಕಲಿಸಿ ಎಂದಿತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. 2010ರಲ್ಲಿ ಬಳ್ಳಾರಿಗೆ ತನ್ನದೇ ವಿಶ್ವವಿದ್ಯಾಲಯ ಬಂತು. ಜಿಲ್ಲೆಯ ಹುಡುಗರು ಪದವಿಗಾಗಿ ಕಲಬುರಗಿಯತ್ತ ನೋಡುವುದು ತಪ್ಪಿತು. ಸಿರುಗುಪ್ಪ, ಕುರುಗೋಡಿನ ರೈತರ ಮನೆಯ, ಜೀನ್ಸ್ ಹೊಲಿಯುವವರ ಮನೆಯ ಮಕ್ಕಳು ಬಳ್ಳಾರಿಯಲ್ಲಿ ಬಿ.ಇಡಿ. ಓದಿ, ತಮ್ಮೂರಿಗೆ ಹತ್ತಿರದ ಸರ್ಕಾರಿ ಶಾಲೆಯಲ್ಲೇ ಇಂಟರ್ನ್‌ಶಿಪ್ ಮಾಡುವಂತಾದರೆ ಅದು ಸಣ್ಣ ಸಂಗತಿಯಲ್ಲ.

ಇಷ್ಟಾದ ಮೇಲೆ ಐಸಿಟಿ ಪತ್ರಿಕೆಯಲ್ಲಿ ನಡೆಯುವುದೇನು? ವರ್ಡ್‌ನಲ್ಲಿ ಒಂದು ಅರ್ಜಿ, ಎಕ್ಸೆಲ್‌ನಲ್ಲಿ ಒಂದು ಅಂಕಪಟ್ಟಿ, ಪವರ್‌ಪಾಯಿಂಟ್‌ನಲ್ಲಿ ಹದಿನೈದು ಸ್ಲೈಡು, ಅವುಗಳ ಕಲರ್ ಪ್ರಿಂಟ್‌ಔಟು, ಸ್ಪೈರಲ್ ಬೈಂಡಿಂಗು. ಇನ್ನು ಅಬ್ಸರ್ವೇಷನ್ ಪಾಠದ ದಿನ. ಎಲ್ಲಿಂದಲೋ ಪ್ರೊಜೆಕ್ಟರ್ ಬಂದಿರುತ್ತದೆ. ಕೇಬಲ್ ಸಿಕ್ಕಿಸಿ, ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಪೆನ್‌ಡ್ರೈವ್ ಹುಡುಕಿ, ಚಿತ್ರ ಮೂಡುವ ಹೊತ್ತಿಗೆ 40 ನಿಮಿಷದ ಪೀರಿಯಡ್‌ನಲ್ಲಿ ಕಾಲು ಭಾಗ ಹೋಗಿರುತ್ತದೆ. (ಕುಡತಿನಿಯ ಶಾಖೋತ್ಪನ್ನ ಸ್ಥಾವರ ರಾಜ್ಯಕ್ಕೆಲ್ಲ ಕರೆಂಟ್ ಕಳಿಸುತ್ತದೆ. ಅದರ ಸುತ್ತಲಿನ ಹಳ್ಳಿಶಾಲೆಯಲ್ಲಿ ಪಾಠದ ಹೊತ್ತಿಗೆ ಕರೆಂಟ್ ಇದ್ದೇ ಇರುತ್ತದೆ ಎಂದು ಯಾರೂ ಬಾಜಿ ಕಟ್ಟುವುದಿಲ್ಲ.) ಪ್ರಶಿಕ್ಷಣಾರ್ಥಿ ಸ್ಲೈಡ್ ಓದುತ್ತಾಳೆ, ಮಕ್ಕಳು ಅದನ್ನೇ ಒಕ್ಕೊರಲಿನಿಂದ ಮತ್ತೆ ಓದುತ್ತಾರೆ. ಹಿಂದೆ ಕೂತ ಉಪನ್ಯಾಸಕರು ‘ಐಸಿಟಿ ಬಳಕೆ: ಉತ್ತಮ’ ಎಂದು ಗೀಚುತ್ತಾರೆ. ಕಪ್ಪುಹಲಗೆಯ ಮೇಲೆ ಬರೆದು ಓದಿಸುತ್ತಿದ್ದ ಪಾಠಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಹಲಗೆಯ ಮೇಲೆ ಬರೆಯುವಾಗ ಮೇಷ್ಟರು ನಡುವೆ ನಿಂತು ಮಕ್ಕಳ ಮುಖ ನೋಡುತ್ತಿದ್ದರು. ಸ್ಲೈಡ್ ಇದ್ದಾಗ ಲ್ಯಾಪ್‌ಟಾಪ್ ನೋಡುತ್ತಾರೆ.

ಆ ಸ್ಲೈಡ್‌ನ ಕನ್ನಡದ ಪಾಡನ್ನೂ ಹೇಳಬೇಕು. ಸೈಬರ್ ಸೆಂಟರ್‌ನಲ್ಲಿ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿಸಿದ ಪಾಠ, ಆ ಫಾಂಟ್ ಇಲ್ಲದ ಶಾಲೆಯ ಕಂಪ್ಯೂಟರಿನಲ್ಲಿ ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ತೆರೆದುಕೊಳ್ಳುತ್ತದೆ. ಯುನಿಕೋಡ್ ಎಂದರೇನು, ಹಳೆಯ ಫಾಂಟಿನ ಬರಹವನ್ನು ಅದಕ್ಕೆ ತಿರುಗಿಸುವುದು ಹೇಗೆ ಎಂಬುದು ಅರ್ಧ ಗಂಟೆಯ ಪಾಠ. ಕನ್ನಡ ಮಾಧ್ಯಮದಲ್ಲಿ ಪಾಠ ಹೇಳಲಿರುವವರಿಗೆ ಎಕ್ಸೆಲ್‌ನ ಸೂತ್ರಗಳಿಗಿಂತ ಮೊದಲು ಬೇಕಾದ ಪಾಠ ಅದು.

‘ಈಗಿನ ಹುಡುಗರಿಗೆ ತಂತ್ರಜ್ಞಾನ ಹೇಳಿಕೊಡಬೇಕಾ? ಹುಟ್ಟುತ್ತಲೇ ಮೊಬೈಲ್ ಹಿಡಿದವರು’ ಎನ್ನುವವರೂ ಇದ್ದಾರೆ. ಇಪ್ಪತ್ತಮೂರರ ಹುಡುಗಿಗೆ ರೀಲ್ಸ್ ಮಾಡಲು ಬರುತ್ತದೆ, ಫೋನ್‌ಪೇ ಬರುತ್ತದೆ, ವಾಟ್ಸಾಪ್‌ನಲ್ಲಿ ನೂರು ಜನರ ಗುಂಪು ನಡೆಸಲು ಬರುತ್ತದೆ. ನಿಜವೇ. ಆದರೆ ತರಗತಿಯಲ್ಲಿ ಅವಳಿಗೆ ಬೆವರಿಳಿಸುವ ಪ್ರಶ್ನೆ ಬೇರೆ. ಋಣಸಂಖ್ಯೆಯನ್ನು ಋಣಸಂಖ್ಯೆಯಿಂದ ಗುಣಿಸಿದರೆ ಧನ ಯಾಕಾಗುತ್ತದೆ ಎಂದು ಏಳನೇ ತರಗತಿಯ ಹುಡುಗ ಕೇಳಿದರೆ ಏನು ಹೇಳುವುದು? ‘ಅದು ನಿಯಮ, ಬರ್ಕೊ’ ಎಂಬುದು ಅವಳು ಕಲಿತ ಉತ್ತರ, ಅವಳಿಗೆ ಕಲಿಸಿದವರು ಕಲಿತ ಉತ್ತರವೂ ಅದೇ. ವಿಷಯ ಗೊತ್ತಿರುವುದು ಬೇರೆ, ಆ ವಿಷಯದಲ್ಲಿ ಮಗು ಎಲ್ಲಿ ಎಡವುತ್ತದೆಂದು ಗೊತ್ತಿರುವುದು ಬೇರೆ ಎಂದು ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲೇ ಬರೆದ. 2006ರಲ್ಲಿ ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಲರ್ ಅದಕ್ಕೆ ತಂತ್ರಜ್ಞಾನದ ತಿಳಿವಳಿಕೆಯನ್ನು ಸೇರಿಸಿ, ಮೂರೂ ಕೂಡುವಲ್ಲಿ ಒಳ್ಳೆಯ ಬೋಧನೆ ಇದೆ ಎಂದರು. ನಮ್ಮ ಬಿ.ಇಡಿ. ಪರೀಕ್ಷೆಯಲ್ಲಿ ಅದು ಒಂದರೊಳಗೊಂದು ಹೆಣೆದ ಮೂರು ವೃತ್ತಗಳ ಚಿತ್ರ. ಚಿತ್ರ ಬರೆದರೆ ಅಂಕ ಬರುತ್ತದೆ. ಮೂರರಲ್ಲಿ ಎರಡು ವೃತ್ತ ಸೊರಗಿರುವಾಗ ಮೂರನೆಯದನ್ನಷ್ಟೇ ದಪ್ಪ ಮಾಡುವುದರಿಂದ ಏನು ಉಪಯೋಗ ಎಂದು ಕೇಳಿದರೆ, ‘ಇವರು ಹಳೇ ಕಾಲದವರು’ ಎಂದು ಬದಿಗೆ ಸರಿಸುತ್ತಾರೆ.

ಹಳೇ ಕಾಲದ ಮಾತೇ ಆಡೋಣ. ಪರದೆ ನಮ್ಮ ಭಾಗಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಬಳಸಿ ಭಾರತ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತಲುಪಿಸಿತು. ಸೈಟ್ ಎಂದು ಹೆಸರಾದ ಆ ಪ್ರಯೋಗದಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಗಳು. ಸಿರುಗುಪ್ಪದ ದಡದಲ್ಲಿ ನಿಂತರೆ ತುಂಗಭದ್ರೆಯ ಆಚೆಗೆ ಕಾಣುವುದೇ ರಾಯಚೂರು ಜಿಲ್ಲೆ. ಬೆಂಗಳೂರಿನ ಮಧ್ಯಮ ವರ್ಗದ ಮನೆಗಳಿಗೆ ಟಿ.ವಿ. ಬರುವ ಮೊದಲೇ ಅಲ್ಲಿನ ಹಳ್ಳಿಶಾಲೆಯ ಮಕ್ಕಳು ಬೆಳಿಗ್ಗೆ ಉಪಗ್ರಹದ ಪಾಠ ನೋಡಿದ್ದರು! ಸೈಟ್‌ನಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಜನ ಮರೆತಿರುವ ಇನ್ನೊಂದು ಭಾಗ. 1975ರ ಅಕ್ಟೋಬರ್‌ನಲ್ಲಿ ಸುಮಾರು 24,000 ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ 12 ದಿನದ ತರಬೇತಿ ಕೊಟ್ಟರು. ಅದರಲ್ಲಿ ಟಿ.ವಿ. ಒಂದು ಭಾಗ ಮಾತ್ರ. ಜೊತೆಗೆ ರೇಡಿಯೊ, ಅಚ್ಚಾದ ಪಾಠಗಳು, ಕೈಯಾರೆ ಮಾಡುವ ಪ್ರಯೋಗಗಳು, ಗುಂಪು ಚರ್ಚೆ ಎಲ್ಲ ಇದ್ದವು. ಅಂದರೆ ಯಂತ್ರವನ್ನು ಶಿಕ್ಷಕರ ಮುಂದಿಟ್ಟು ಅವರನ್ನು ಮಾತಿಗೆಳೆಯುವ ಆಲೋಚನೆ ನಮ್ಮಲ್ಲಿ ಐವತ್ತು ವರ್ಷದ ಹಿಂದೆಯೇ ಇತ್ತು.

ಆಮೇಲೆ ಬಂದ ಯೋಜನೆಗಳು ಆ ಆಲೋಚನೆಯನ್ನು ಕೈಬಿಟ್ಟವು. 2001ರ ಸುಮಾರಿಗೆ ಮಾಹಿತಿ ಸಿಂಧು ಯೋಜನೆಯಲ್ಲಿ ರಾಜ್ಯದ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂತು, ಕಲಿಸಲು ಖಾಸಗಿ ಕಂಪನಿಗಳ ಬೋಧಕರು ಬಂದರು. ಶಾಲೆಯ ಗಣಿತ ಮೇಷ್ಟರು ಅತ್ತ ತಲೆ ಹಾಕಬೇಕಾದ ಅಗತ್ಯವೇ ಬೀಳಲಿಲ್ಲ. ಗುತ್ತಿಗೆ ಮುಗಿದ ದಿನ ಕಲಿಸುವವರೂ ಹೋದರು. 2004ರಲ್ಲಿ ಶಿಕ್ಷಣಕ್ಕೆಂದೇ ಎಡುಸ್ಯಾಟ್ ಉಪಗ್ರಹ ಹಾರಿತು. ಆಮೇಲೆ ಟಾಲ್ಪ್ ಯೋಜನೆ, ದೀಕ್ಷಾ ಜಾಲತಾಣ, ಪಠ್ಯಪುಸ್ತಕದಲ್ಲೂ ಕ್ಯೂಆರ್ ಕೋಡ್. ಪ್ರತಿ ಸಲವೂ ಉದ್ಘಾಟನೆಯ ಭಾಷಣ ಒಂದೇ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಆದರೂ ಆ ಆಗಸ್ಟ್‌ನಲ್ಲಿ ಸರ್ಕಾರ ‘ವಿದ್ಯಾಗಮ’ ಆರಂಭಿಸಿ ಶಿಕ್ಷಕರನ್ನು ಗುಡಿಯ ಕಟ್ಟೆಗೆ, ಮರದ ನೆರಳಿಗೆ ಕಳಿಸಬೇಕಾಯಿತು. ಮನೆಯಲ್ಲಿ ಒಂದೇ ಮೊಬೈಲ್, ಅದೂ ಅಪ್ಪನ ಜೊತೆ ಹೊಲಕ್ಕೋ ಕೆಲಸಕ್ಕೋ ಹೋಗಿರುತ್ತಿತ್ತು ಎಂಬುದು ಒಂದು ಕಾರಣ. ಪರದೆಯ ಆ ಕಡೆಯಿಂದ ಮಗುವಿನ ತಪ್ಪು ಮೇಷ್ಟರಿಗೆ ಕಾಣುತ್ತಿರಲಿಲ್ಲ ಎಂಬುದು ಇನ್ನೊಂದು. ಎರಡನೆಯದರ ಚರ್ಚೆ ಆಗಲೇ ಇಲ್ಲ.

ಈಗ ಕ್ಯಾಮೆರಾದ ಕಥೆಗೆ ಬರುತ್ತೇನೆ. ಬಿ.ಇಡಿ. ಓದಿದವರಿಗೆಲ್ಲ ಮೈಕ್ರೋ ಟೀಚಿಂಗ್ ಗೊತ್ತು. ಕಿರಿದಾದ ಪಾಠ, ಒಂದೇ ಕೌಶಲ, ಬೆರಳೆಣಿಕೆಯ ವಿದ್ಯಾರ್ಥಿಗಳು. 1960ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲೆನ್ ಮತ್ತವರ ಜೊತೆಗಾರರು ಇದನ್ನು ರೂಪಿಸಿದಾಗ ಅದರ ಜೀವ ಇದ್ದದ್ದು ವಿಡಿಯೊ ರೆಕಾರ್ಡಿಂಗ್‌ನಲ್ಲಿ. ಹೊಸ ಶಿಕ್ಷಕ ಐದು ನಿಮಿಷ ಪಾಠ ಮಾಡಿ, ತಕ್ಷಣ ತನ್ನನ್ನೇ ಪರದೆಯ ಮೇಲೆ ನೋಡಿಕೊಂಡು, ತಿದ್ದಿಕೊಂಡು, ಮತ್ತೆ ಪಾಠ ಮಾಡುತ್ತಿದ್ದ. 1970ರ ದಶಕದಲ್ಲಿ ಬರೋಡಾದ ವಿದ್ವಾಂಸರೂ ಎನ್‌ಸಿಇಆರ್‌ಟಿಯೂ ಇದನ್ನು ಭಾರತಕ್ಕೆ ಒಗ್ಗಿಸಿದರು. ಅಂದಿನ ವಿಡಿಯೊ ಉಪಕರಣದ ಬೆಲೆ ನಮ್ಮ ಕಾಲೇಜುಗಳಿಗೆ ನಿಲುಕುವಂತಿರಲಿಲ್ಲ. ಹೀಗಾಗಿ ಕ್ಯಾಮೆರಾ ಬಿಟ್ಟರು. ಸಹಪಾಠಿಗಳೇ ವಿದ್ಯಾರ್ಥಿಗಳು, ಸಹಪಾಠಿಗಳೇ ವೀಕ್ಷಕರು ಎಂದಾಯಿತು. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಬೋಧನೆ, 6 ನಿಮಿಷ ಮತ್ತೆ ಹಿಮ್ಮಾಹಿತಿ. 36 ನಿಮಿಷದ ಈ ಚಕ್ರವನ್ನು ಬಳ್ಳಾರಿಯ ಪ್ರಶಿಕ್ಷಣಾರ್ಥಿಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ.

ಅಂದು ಕ್ಯಾಮೆರಾ ಬಿಟ್ಟದ್ದು ವಿವೇಕದ ಕೆಲಸವೇ. ಬಡತನಕ್ಕೆ ತಕ್ಕ ಹಾದಿ ಹುಡುಕಿದರು, ತಪ್ಪಿಲ್ಲ. ಆದರೆ ಇಂದು ಪ್ರತಿ ಪ್ರಶಿಕ್ಷಣಾರ್ಥಿಯ ಕೈಯಲ್ಲೂ ಅಂದಿನ ಸ್ಟ್ಯಾನ್‌ಫರ್ಡ್‌ನ ಉಪಕರಣಕ್ಕಿಂತ ಒಳ್ಳೆಯ ಕ್ಯಾಮೆರಾ ಇದೆ. ಆದರೂ ಚಕ್ರ ಹಾಗೇ ಉರುಳುತ್ತಿದೆ. ಹಿಮ್ಮಾಹಿತಿ ಎಂದರೆ ಗೆಳತಿ ಎದ್ದು ನಿಂತು, ‘ಚೆನ್ನಾಗಿತ್ರಿ, ದನಿ ಇನ್ನೊಂಚೂರು ಜೋರಿದ್ರೆ ಚೆನ್ನಾಗಿರ್ತಿತ್ತು’ ಎನ್ನುವುದು. ನಾಳೆ ತನ್ನ ಸರದಿ ಬರುತ್ತದಲ್ಲ, ಕಟುವಾಗಿ ಹೇಳಲು ಅವಳಿಗೇನು ಹುಚ್ಚೇ? ಹಾಳೆಯ ಮೇಲೆ ಅಂಕ ತುಂಬಿ ಸಹಿ ಹಾಕಿದರೆ ಆಯಿತು. ಕ್ಯಾಮೆರಾ ಇಲ್ಲದ ಕಾಲಕ್ಕೆ ಕಟ್ಟಿದ ಪದ್ಧತಿಯನ್ನು ಕ್ಯಾಮೆರಾ ತುಂಬಿದ ಕೋಣೆಯಲ್ಲಿ ಹಾಗೇ ಮುಂದುವರಿಸುತ್ತ, ಇನ್ನೊಂದು ಕೋಣೆಯಲ್ಲಿ ‘ಶಿಕ್ಷಣದಲ್ಲಿ ತಂತ್ರಜ್ಞಾನ’ದ ಮೇಲೆ ವಿಚಾರ ಸಂಕಿರಣ ನಡೆಸುತ್ತೇವೆ.

ಇದೇ ಬಗೆಯ ಇನ್ನೊಂದು ವ್ಯರ್ಥ ಸಂಪತ್ತು ಫ್ಲಾಂಡರ್ಸ್. ನೆಡ್ ಫ್ಲಾಂಡರ್ಸ್‌ನ ತರಗತಿ ಸಂವಾದ ವಿಶ್ಲೇಷಣೆ ಬಿ.ಇಡಿ.ಯ ಖಾಯಂ ಪ್ರಶ್ನೆ. ತರಗತಿಯ ಮಾತನ್ನು ಹತ್ತು ವರ್ಗ ಮಾಡಿದ: ಏಳು ಶಿಕ್ಷಕರ ಮಾತಿಗೆ, ಎರಡು ವಿದ್ಯಾರ್ಥಿಗಳ ಮಾತಿಗೆ, ಒಂದು ಮೌನ ಅಥವಾ ಗದ್ದಲಕ್ಕೆ. ಮೂರು ಸೆಕೆಂಡಿಗೊಂದು ಗುರುತು ಹಾಕುತ್ತ ಹೋಗಬೇಕು. ನಿಮಿಷಕ್ಕೆ 20, 40 ನಿಮಿಷಕ್ಕೆ 800. ಆತ ಕಂಡದ್ದು ಮೂರರಲ್ಲಿ ಎರಡರ ಲೆಕ್ಕ: ತರಗತಿಯ ಹೊತ್ತಿನಲ್ಲಿ ಮೂರನೇ ಎರಡು ಪಾಲು ಯಾರೋ ಒಬ್ಬರು ಮಾತಾಡುತ್ತಿರುತ್ತಾರೆ, ಆ ಮಾತಿನಲ್ಲಿ ಮೂರನೇ ಎರಡು ಪಾಲು ಶಿಕ್ಷಕರದ್ದು, ಅದರಲ್ಲೂ ಮೂರನೇ ಎರಡು ಪಾಲು ಬರೀ ಹೇಳುವುದು, ಆದೇಶಿಸುವುದು, ಟೀಕಿಸುವುದು. ನಮ್ಮ ಪ್ರಶಿಕ್ಷಣಾರ್ಥಿ ಈ ಹತ್ತೂ ವರ್ಗಗಳನ್ನು ಬಾಯಿಪಾಠ ಒಪ್ಪಿಸುತ್ತಾಳೆ. ತನ್ನ ಪಾಠದಲ್ಲಿ ತನ್ನ ಮಾತು ಎಷ್ಟು ಪಾಲು ಎಂದು ಎಣಿಸಿ ನೋಡಿದವಳನ್ನು ಹುಡುಕಿ ತೋರಿಸಿ. ನೇರ ತರಗತಿಯಲ್ಲಿ ಕೂತು ಮೂರು ಸೆಕೆಂಡಿಗೊಮ್ಮೆ ಗುರುತು ಹಾಕುವುದು ತರಬೇತಾದ ಸಂಶೋಧಕರಿಗೂ ಕಷ್ಟ. ಮೊಬೈಲ್‌ನ ಆಡಿಯೊ ಇದ್ದರೆ, ನಿಲ್ಲಿಸಿ ನಿಲ್ಲಿಸಿ, ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಮಾಡಬಹುದು.

ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣದ ಸಂಶೋಧಕಿ ಇದನ್ನೇ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಮಾಡಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಾರೆ ಎಂದು ಅಳೆದರು. ಸುಮಾರು ಒಂದು ಸೆಕೆಂಡ್. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಇನ್ನೊಬ್ಬರನ್ನು ಕೇಳುವುದು, ಇಲ್ಲವೇ ತಾವೇ ಹೇಳಿಬಿಡುವುದು. ಕಾಯುವ ಹೊತ್ತನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. 1974ರಲ್ಲಿ ಅವರು ಬರೆದ ಈ ಸಂಗತಿ ಇಂದಿಗೂ ನಮ್ಮ ಯಾವುದೇ ಸ್ಮಾರ್ಟ್ ಬೋರ್ಡಿಗಿಂತ ಹೆಚ್ಚು ಉಪಯೋಗದ್ದು. ಮೂರು ಸೆಕೆಂಡಿಗೆ ಟೆಂಡರ್ ಕರೆಯಬೇಕಿಲ್ಲ.

ಪಾಠ ಮಾಡುವವರಿಗೆ ಆ ಒಂದು ಸೆಕೆಂಡು ಒಂದು ಗಂಟೆಯಂತೆ ಕಾಣುತ್ತದೆ. ಹೀಗಾಗಿಯೇ ರೆಕಾರ್ಡ್ ಬೇಕು. ಆರನೇ ತರಗತಿಯ ಭಿನ್ನರಾಶಿ ಪಾಠವೊಂದನ್ನು ಊಹಿಸಿಕೊಳ್ಳಿ. ಮೇಡಂ ಕೇಳುತ್ತಾರೆ, ‘ಒಂದು ಬೈ ಎರಡು ದೊಡ್ಡದೋ, ಒಂದು ಬೈ ನಾಲ್ಕು ದೊಡ್ಡದೋ?’ ಹಿಂದಿನ ಸಾಲಿನ ಹುಡುಗ ಎದ್ದು, ‘ಒಂದು ಬೈ ನಾಲ್ಕು ರೀ ಮೇಡಂ, ನಾಲ್ಕು ಐತಲ್ರಿ’ ಎನ್ನುತ್ತಾನೆ. ‘ತಪ್ಪು, ಕೂಡು. ನೀ ಹೇಳಮ್ಮ.’ ಮುಂದಿನ ಸಾಲಿನ ಹುಡುಗಿ, ‘ಒಂದು ಬೈ ಎರಡು ಮೇಡಂ.’ ‘ವೆರಿಗುಡ್. ಎಲ್ರಿಗೂ ತಿಳೀತಾ?’ ‘ತಿಳೀತ್ರೀ ಮೇಡಂ’ ಎಂದು ಇಡೀ ತರಗತಿ. ಪಾಠ ಮುಗಿಸಿ ಬಂದ ಮೇಡಂಗೆ ನೆನಪಿರುವುದು ವೆರಿಗುಡ್ ಮತ್ತು ತಿಳೀತ್ರೀ. ಪಾಠ ಚೆನ್ನಾಗಿ ಆಯಿತು ಎಂದೇ ಅವಳ ನಂಬಿಕೆ. ಸಂಜೆ ಕೂತು ಕೇಳಿದರೆ ಮಾತ್ರ ‘ನಾಲ್ಕು ಐತಲ್ರಿ’ ಕಿವಿಗೆ ಬೀಳುತ್ತದೆ. ಆ ಪೀರಿಯಡ್‌ನಲ್ಲಿ ಯಾರಾದರೂ ಗಣಿತದ ಬಗ್ಗೆ ನಿಜವಾಗಿ ಯೋಚಿಸಿದ್ದರೆ ಅದು ಆ ಹುಡುಗ. ತಪ್ಪಿಗೆ ಕಾರಣವನ್ನೂ ತಾನೇ ಕೊಟ್ಟಿದ್ದ. ಅದೇ ಹುಡುಗನನ್ನು ‘ಅರ್ಧ ರೊಟ್ಟಿ ಬೇಕೋ, ಕಾಲು ರೊಟ್ಟಿ ಬೇಕೋ’ ಎಂದು ಕೇಳಿದ್ದರೆ ಅರ್ಧವನ್ನೇ ಕೇಳುತ್ತಿದ್ದ. ಅವನಿಗೆ ತೊಡಕಾದದ್ದು ಬರೆಯುವ ಕ್ರಮ. ಮರುದಿನ ಅವನಿಂದಲೇ ಪಾಠ ಶುರು ಮಾಡುವ ಶಿಕ್ಷಕಿಗೆ ಭಿನ್ನರಾಶಿಯ ಆನಿಮೇಷನ್ ಬೇಕಾಗದೆಯೂ ಇರಬಹುದು.

ಸಿರುಗುಪ್ಪದಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಆಂಧ್ರದ ಅಂಚಿನ ಹಳ್ಳಿಗಳಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಬಳ್ಳಾರಿಯ ಕೌಲ್‌ಬಜಾರಿನ ಕಡೆ ಉರ್ದು. ಮಗು ಅರ್ಧ ಉತ್ತರ ಕನ್ನಡದಲ್ಲಿ, ಇನ್ನರ್ಧ ತೆಲುಗಿನಲ್ಲಿ ಹೇಳುತ್ತದೆ. ಅದೇ ಸೀಮೆಯಲ್ಲಿ ಬೆಳೆದ ಪ್ರಶಿಕ್ಷಣಾರ್ಥಿಗೆ ಎರಡೂ ಗೊತ್ತು. ಆದರೆ ಅಬ್ಸರ್ವೇಷನ್‌ಗೆ ಬಂದವರು ಹಿಂದೆ ಕೂತಿದ್ದಾರೆಂದು ಅವಳು ಪುಸ್ತಕದ ಕನ್ನಡಕ್ಕೆ ಬಿಗಿದುಕೊಂಡು, ಮಗುವಿನ ಅರ್ಧ ಉತ್ತರವನ್ನು ಕೇಳಿಸಿಕೊಳ್ಳದಂತೆ ಮುಂದೆ ಹೋಗುತ್ತಾಳೆ. ಬೆಂಗಳೂರಿನ ಸ್ಟುಡಿಯೊದಲ್ಲಿ ತಯಾರಾದ ವಿಡಿಯೊಗೆ ಇಂಥ ಮಗು ಇದೆಯೆಂಬುದೇ ಗೊತ್ತಿಲ್ಲ. ಈ ಭಾಗದ ಶಿಕ್ಷಕಿಯ ಬಳಿ ಇರುವ ದೊಡ್ಡ ಬಂಡವಾಳ ಅವಳ ಎರಡು ಮೂರು ನುಡಿಗಳು. ಅದನ್ನು ಅವಳಿಗೆ ತೋರಿಸಿಕೊಡುವುದು ಅವಳದೇ ರೆಕಾರ್ಡಿಂಗ್.

ಸ್ಮಾರ್ಟ್ ಕ್ಲಾಸ್ ಬೇಕೆನ್ನುವವರ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್, ಅಲೆಹಾಂದ್ರೊ ಗನಿಮಿಯನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ಕಲಿಕಾ ತಂತ್ರಾಂಶವನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಸುಮಾರು ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲೂ ಹಿಂದಿಯಲ್ಲೂ ಮಕ್ಕಳು ಕಣ್ಣಿಗೆ ಹೊಡೆಯುವಷ್ಟು ಮುಂದೆ ಬಂದರು. ಅದನ್ನು ಹಿಡಿದು ‘ನೋಡಿ, ತಂತ್ರಜ್ಞಾನ ಕೆಲಸ ಮಾಡುತ್ತದೆ’ ಎನ್ನುತ್ತಾರೆ. ಮಾಡುತ್ತದೆ. ಹೇಗೆ ಮಾಡಿತು ಎಂದು ಒಳಗೆ ಹೋಗಿ ನೋಡಬೇಕು. ಆರನೇ ತರಗತಿಯ ಮಗುವಿನ ನಿಜವಾದ ಮಟ್ಟ ಎಷ್ಟೋ ಕೆಳಗಿರುತ್ತದೆ. ಆ ತಂತ್ರಾಂಶ ಪ್ರತಿ ಮಗುವಿನ ತಪ್ಪನ್ನು ಪರೀಕ್ಷಿಸಿ, ಅದು ನಿಂತ ಮೆಟ್ಟಿಲಿನಿಂದಲೇ ಪಾಠ ಕೊಟ್ಟಿತು. ಅದರ ಜೊತೆಗೆ ಸಣ್ಣ ಗುಂಪಿಗೆ ಪಾಠ ಹೇಳುವ ಒಬ್ಬ ಸಹಾಯಕರೂ ಇದ್ದರು, ಎಲ್ಲವೂ ಶಾಲೆ ಬಿಟ್ಟ ಮೇಲಿನ ಕೇಂದ್ರಗಳಲ್ಲಿ. ಇಡೀ ತರಗತಿಗೆ ಒಂದೇ ವಿಡಿಯೊ ಹಾಕುವ ಸ್ಮಾರ್ಟ್ ಕ್ಲಾಸ್ ಇದಕ್ಕೆ ತದ್ವಿರುದ್ಧ. ಗುಜರಾತಿನಲ್ಲಿ ಲೀ ಲಿಂಡನ್ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಮಾಡಿದ ಅಧ್ಯಯನ ಇನ್ನೂ ಕಣ್ಣು ತೆರೆಸುವಂಥದ್ದು. ಒಂದೇ ಬಗೆಯ ಕಂಪ್ಯೂಟರ್ ಪಾಠವನ್ನು ಶಾಲೆಯ ಹೊತ್ತಿನ ನಂತರ ಕೊಟ್ಟಾಗ ಮಕ್ಕಳಿಗೆ ಲಾಭವಾಯಿತು. ಶಿಕ್ಷಕರ ಪಾಠದ ಹೊತ್ತನ್ನು ಕಿತ್ತು ಕೊಟ್ಟಾಗ ಇದ್ದ ಕಲಿಕೆಯೂ ಕುಂದಿತು. ಶಾಲೆಗಳ ಕಂಪ್ಯೂಟರಿಗೆ ಭಾರಿ ಹಣ ಸುರಿದ ದೇಶಗಳಲ್ಲೂ ಓದು, ಗಣಿತ, ವಿಜ್ಞಾನದಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ ಎಂದು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ 2015ರಲ್ಲಿ ಒಪ್ಪಿಕೊಂಡಿತು.

ನ್ಯಾಯದ ಪ್ರಶ್ನೆಯೊಂದೇ ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸುವುದು. ‘ಬೆಂಗಳೂರಿನ ಮಗುವಿಗೆ ಪರದೆ, ಸಿರುಗುಪ್ಪದ ಮಗುವಿಗೆ ಬರೀ ಸೀಮೆಸುಣ್ಣವೇ? ಸಂವಿಧಾನಕ್ಕೆ 371(ಜೆ) ವಿಧಿ ತಂದದ್ದು ಇದಕ್ಕೇನಾ?’ ಎಂದು ಕುರುಗೋಡಿನ ತಂದೆಯೊಬ್ಬರು ಕೇಳಿದರೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ. ಕಲ್ಯಾಣ ಕರ್ನಾಟಕದ ಜನ ‘ನಿಮಗೆ ಇಷ್ಟು ಸಾಕು’ ಎಂಬ ಮಾತನ್ನು ಬಹಳ ಕೇಳಿದ್ದಾರೆ; ಅದೇ ಮಾತನ್ನು ಶಿಕ್ಷಣದ ತತ್ವದಂತೆ ಉಡುಗೆ ತೊಡಿಸಿ ನಾನು ಹೇಳಬಾರದು. ಆದರೆ ಬೆಂಗಳೂರಿನ ದುಬಾರಿ ಶಾಲೆಯ ಮಗುವಿಗೆ ಪರದೆಯ ಜೊತೆಗೆ ಏನೇನು ಸಿಗುತ್ತದೆ ಎಂದೂ ನೋಡಬೇಕು. ವಿಷಯಕ್ಕೊಬ್ಬ ಶಿಕ್ಷಕರು, ಸಂಜೆ ಟ್ಯೂಷನ್, ಮನೆಯಲ್ಲಿ ಓದಿದ ತಾಯಿ ತಂದೆ. ಪರದೆ ಕೆಟ್ಟರೂ ಆ ಮಗುವಿಗೆ ನಷ್ಟವಿಲ್ಲ. ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಹೊಲಕ್ಕೆ ಹೋಗಿ ವಾರಗಟ್ಟಲೆ ತಪ್ಪಿಸಿಕೊಂಡು ಬಂದ ಮಗುವಿಗೆ ಇರುವುದು ಒಬ್ಬ ಶಿಕ್ಷಕಿ ಮಾತ್ರ. ನೀನು ಎಲ್ಲಿ ಬಿಟ್ಟಿದ್ದೆ ಎಂದು ಆ ಮಗುವನ್ನು ಕೇಳಬೇಕಾದವಳು ಅವಳೇ. ಸಮಾನತೆಯ ಹಣವನ್ನು ಮೊದಲು ಅವಳ ತರಬೇತಿಗೆ, ಖಾಲಿ ಬಿದ್ದ ಹುದ್ದೆ ತುಂಬಲಿಕ್ಕೆ ಹಾಕಿ ಎಂದು ಕೇಳುವುದು ಕಡಿಮೆಯ ಬೇಡಿಕೆಯಲ್ಲ, ದುಬಾರಿ ಬೇಡಿಕೆ. ಪ್ರೊಜೆಕ್ಟರ್ ಕೊಟ್ಟು ಫೋಟೊ ತೆಗೆಸಿಕೊಳ್ಳುವುದೇ ಅಗ್ಗ.

ತೋರಿಸುವ ತಂತ್ರಜ್ಞಾನಕ್ಕೂ ಅದರ ಜಾಗ ಇದೆ. ತಂತಿಯೊಳಗೆ ವಿದ್ಯುತ್ ಹರಿಯುವುದು, ಜೀವಕೋಶ ವಿಭಜನೆಯಾಗುವುದು, ಗ್ರಹಗಳ ಚಲನೆ ಇವೆಲ್ಲ ಹಲಗೆಯ ಮೇಲೆ ಸಾಯುತ್ತವೆ. ಅಲ್ಲಿ ಫೆಟ್‌ನ ಸಿಮ್ಯುಲೇಷನ್ ಇರಲಿ, ಜಿಯೋಜಿಬ್ರಾ ಇರಲಿ, ಧಾರಾಳವಾಗಿ ಬರಲಿ. ಫೆಟ್‌ನ ಎಷ್ಟೋ ಪ್ರಯೋಗಗಳು ಕನ್ನಡದಲ್ಲೂ ಇವೆ. ಕಣ್ಣಿಗೆ ಕಾಣುವುದನ್ನೂ ಪರದೆಗೆ ಏರಿಸುವುದು ಮಾತ್ರ ನನಗೆ ಸಹಿಸಲಾಗದು. ನವಶಿಲಾಯುಗದ ಪಾಠಕ್ಕೆ ಯೂಟ್ಯೂಬ್ ಹುಡುಕುವ ಪ್ರಶಿಕ್ಷಣಾರ್ಥಿ ದಿನಾ ಬಸ್ಸಿನಲ್ಲಿ ದಾಟುವ ಕುಡತಿನಿಯಲ್ಲಿ ಆ ಕಾಲದ ಬೂದಿದಿಬ್ಬವೇ ಇದೆ. ದನ ಸಾಕುತ್ತಿದ್ದ ಜನ ಸಗಣಿ ಸುಟ್ಟ ಬೂದಿ. ಬಳ್ಳಾರಿಯ ಮಗ್ಗುಲಲ್ಲೇ ಸಂಗನಕಲ್ಲು, ಸಿರುಗುಪ್ಪ ತಾಲ್ಲೂಕಿನಲ್ಲೇ ತೆಕ್ಕಲಕೋಟೆ. ನಾಲ್ಕು ಫೋಟೊ ತಾನೇ ತೆಗೆದುಕೊಂಡು ಬಂದು ತೋರಿಸಿದ್ದರೆ ಅದೂ ತಂತ್ರಜ್ಞಾನವೇ ಆಗುತ್ತಿತ್ತು.

ರೆಕಾರ್ಡಿಂಗ್ ಎಂದ ಕೂಡಲೇ ಹೆಡ್‌ಮಾಸ್ಟರರ ಹಣೆ ಗಂಟಿಕ್ಕುತ್ತದೆ. ಸರಿಯಾಗಿಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದು ಎಣಿಸಿ ಪೋಷಕರ ಒಪ್ಪಿಗೆ ಕೇಳುತ್ತದೆ. ಕಾಯ್ದೆ ಇಲ್ಲದಿದ್ದರೂ, ಪರರ ಮಕ್ಕಳ ಮುಖವನ್ನು ಮೊಬೈಲ್‌ನಲ್ಲಿಟ್ಟುಕೊಂಡು ತಿರುಗುವುದು ಸಲ್ಲದು. ಹೀಗಾಗಿ ನನ್ನ ಮಾತು ಆಡಿಯೊ ಬಗ್ಗೆ. ಒಪ್ಪಿಗೆ ಪಡೆದು, ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಮೊಬೈಲ್ ಇಟ್ಟು, ಮಕ್ಕಳ ಹೆಸರಿಲ್ಲದಂತೆ ಬರೆದುಕೊಂಡು, ವಾರದೊಳಗೆ ಅಳಿಸಿಹಾಕುವುದು. ಕಾಲೇಜಿನ ವಾಟ್ಸಾಪ್ ಗುಂಪಿಗೆ ಅದು ಹೋಗಕೂಡದು. ವಿಡಿಯೊ ಬೇಕೇ ಬೇಕೆಂದರೆ ಮೈಕ್ರೋ ಟೀಚಿಂಗ್‌ನಲ್ಲಿ ಮಾಡಲಿ, ಅಲ್ಲಿರುವವರು ದೊಡ್ಡವರು.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು, ಅದನ್ನು ಎತ್ತುವವರು ಕಡಿಮೆ. ಈ ಆಡಿಯೊವನ್ನು ಅಂಕಕ್ಕೆ ಕಟ್ಟಿದರೆ ಮಾರನೇ ದಿನದಿಂದಲೇ ನಾಟಕ ಶುರುವಾಗುತ್ತದೆ. ಮಕ್ಕಳಿಗೆ ಮೊದಲೇ ಉತ್ತರ ಹೇಳಿಕೊಟ್ಟು ರೆಕಾರ್ಡ್ ಮಾಡುತ್ತಾರೆ. ಇನ್‌ಸ್ಪೆಕ್ಷನ್ ದಿನದ ಪಾಠಗಳನ್ನು ನೋಡಿದವರಿಗೆ ಇದು ಹೊಸತೇನಲ್ಲ. ಈಗಾಗಲೇ ಹಾಜರಾತಿ, ಹಾಲು, ಮೊಟ್ಟೆ, ವಿದ್ಯಾರ್ಥಿಗಳ ಮಾಹಿತಿಯ ಸ್ಯಾಟ್ಸ್ ಎಂದು ಶಿಕ್ಷಕರ ದಿನದ ಬಹಳಷ್ಟು ಹೊತ್ತು ಆ್ಯಪ್‌ಗಳಿಗೆ ಮಾಹಿತಿ ತುಂಬುವುದರಲ್ಲಿ ಹೋಗುತ್ತಿದೆ. ತಂತ್ರಜ್ಞಾನ ಎಂದರೆ ಮೇಲಿನವರು ತಮ್ಮ ಮೇಲಿಟ್ಟ ಕಣ್ಣು ಎಂಬ ಅನುಭವ ಅವರಿಗಾಗಿರುವುದು ಸುಳ್ಳಲ್ಲ. ಪ್ರಶಿಕ್ಷಣಾರ್ಥಿಯ ರೆಕಾರ್ಡಿಂಗ್‌ಗೆ ಒಡತಿ ಅವಳೇ ಆಗಿರಬೇಕು. ಜೊತೆಗೆ ಕೂತು ಕೇಳಲು ಅವಳೇ ಆರಿಸಿಕೊಂಡ ಒಬ್ಬ ಗೆಳತಿ, ಕೇಳಿದರೆ ಶಾಲೆಯ ಮಾರ್ಗದರ್ಶಿ ಶಿಕ್ಷಕರು. ಉಪನ್ಯಾಸಕರ ಕೈಗೆ ಹೋಗಬೇಕಾದದ್ದು ಆಡಿಯೊ ಅಲ್ಲ. ಅವಳು ಆರಿಸಿದ ಹತ್ತು ನಿಮಿಷದ ಪಾಠದ ಬರಹರೂಪ ಮತ್ತು ಅದರ ಕೆಳಗೆ ಅವಳದೇ ಟಿಪ್ಪಣಿ. ಪಾಠ ಕೆಟ್ಟಿದ್ದರೂ ಅಂಕ ಹೋಗಬಾರದು, ಕೆಟ್ಟದ್ದು ಎಲ್ಲಿ ಎಂದು ಗುರುತಿಸಿದ್ದಕ್ಕೆ ಅಂಕ ಬರಬೇಕು.

ಇದಕ್ಕೆ ಹೊಸ ಪತ್ರಿಕೆ ಬೇಡ, ಹೊಸ ಅನುದಾನ ಬೇಡ. ಐಸಿಟಿಯ ರೆಕಾರ್ಡ್ ಬುಕ್‌ನಲ್ಲಿ ಸ್ಲೈಡ್‌ಗಳ ಪ್ರಿಂಟ್‌ಔಟ್ ಅಂಟಿಸುವ ಪುಟಗಳನ್ನೇ ಇದಕ್ಕೆ ಬಿಟ್ಟುಕೊಟ್ಟರೆ ಸಾಕು. 16 ವಾರದ ಇಂಟರ್ನ್‌ಶಿಪ್‌ನಲ್ಲಿ ವಾರಕ್ಕೊಂದು ಪಾಠ ಕೇಳಿದರೂ ಹದಿನಾರು ಪಾಠ ಆಯಿತು. ಉಪನ್ಯಾಸಕರಿಗೆ ಇದರಲ್ಲಿ ಇನ್ನೊಂದು ಲಾಭವೂ ಇದೆ. ಲೆಸನ್ ಪ್ಲಾನನ್ನು ಸೀನಿಯರ್‌ಗಳ ರೆಕಾರ್ಡ್ ನೋಡಿ ಇಳಿಸುವುದು ಬಿ.ಇಡಿ.ಯಷ್ಟೇ ಹಳೆಯ ಸಂಪ್ರದಾಯ. ಈಗ ಆ ಜಾಗಕ್ಕೆ ಚಾಟ್‌ಜಿಪಿಟಿ ಬಂದಿದೆ, ಒಂದೇ ನಿಮಿಷಕ್ಕೆ ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಲ್ಲವನ್ನೂ ಅಚ್ಚುಕಟ್ಟಾಗಿ ಕೊಡುತ್ತದೆ. ಮೊನ್ನೆ ಮಂಗಳವಾರ ಮೂರನೇ ಪೀರಿಯಡ್‌ನಲ್ಲಿ ಹಿಂದಿನ ಸಾಲಿನ ಹುಡುಗ ಏನಂದ, ಅದಕ್ಕೆ ನೀನೇನಂದೆ ಎಂಬುದನ್ನು ಬರೆದುಕೊಡುವುದು ಸೀನಿಯರ್‌ಗೂ ಸಾಧ್ಯವಿಲ್ಲ, ಚಾಟ್‌ಜಿಪಿಟಿಗೂ ಸಾಧ್ಯವಿಲ್ಲ.